ಒಂದೇ ದಿನದಲ್ಲಿ ಊರು ಹಿಡಿದವರ ಬಟ್ಟೆ

ಮಗಳ ಮನೆಗೆಂದು ಹೋದ ವರ್ಷ ಕುವೈತಿಗೆ ಹೋಗಿದ್ದಾಗ ಒಂದು ಸಂಜೆ ಮಿರ್ಕಾಬ್ ಪೇಟೆಯಲ್ಲಿ ಇಳಿದೆ. ಹಳೆಯ ದರ್ಜಿ ಅಂಗಡಿಗಳ ಸಾಲು ಇದ್ದಲ್ಲಿ ಈಗ ಗಾಜಿನ ಗೋಪುರ ನಿಂತಿದೆ, ಅದರ ಕೆಳಗೆ ಕಾರು ನಿಲ್ಲಿಸುವ ನೆಲಮಾಳಿಗೆ. ನೋಡುವುದಕ್ಕೆ ಏನೂ ಉಳಿದಿಲ್ಲ, ಸುಮ್ಮನೆ ಕಾಲು ನೋಯಿಸಿಕೊಂಡೆ ಎಂದು ಹಿಂತಿರುಗುವಾಗ ಹಿಂದಿನ ಓಣಿಯಲ್ಲಿ ಹೇಗೋ ಉಳಿದುಕೊಂಡಿದ್ದ ಒಬ್ಬ ಇಸ್ತ್ರಿಯವನು ದಪ್ಪ ಹತ್ತಿ ಬಟ್ಟೆಯ ಮೇಲೆ ನೀರು ಚಿಮುಕಿಸಿ ಪೆಟ್ಟಿಗೆ ಒತ್ತಿದ. ಚುಸ್ಸೆಂದು ಹಬೆ ಎದ್ದಿತು. ಒದ್ದೆ ಬಟ್ಟೆ, ದರ್ಜಿಯ ಸೀಮೆಸುಣ್ಣ, ತುಸು ಕರಕಲು ಸೇರಿದ ಆ ವಾಸನೆಗೆ ನಾನು ನಿಂತಲ್ಲೇ ನಿಂತುಬಿಟ್ಟೆ. ಮಗಳು, "ಅಮ್ಮಾ, ಆರ್ ಯು ಓಕೆ?" ಎಂದಳು. ಓಕೆ ಎಂದೆ. ಆ ವಾಸನೆ ನೆನಪಿಸಿದ ಕಾಲದಲ್ಲಿ ಅವಳಿಗೆ ಏಳೆಂಟು ವರ್ಷ. ಆಗ ನಾನು ಮಾಡಿಸಿದ ಒಂದು ಮಕ್ಕಳ ನಾಟಕದಲ್ಲಿ ಅವಳದು ಹಿಮದ ಪಾತ್ರ, ಬಿಳಿ ಬೆಡ್‌ಶೀಟು ಹೊದ್ದು ವೇದಿಕೆಯ ಮೇಲೆ ಬಿದ್ದುಕೊಂಡಿರುವುದೇ ಅಭಿನಯ. ನಿದ್ದೆ ಮಾಡಿಬಿಟ್ಟಿದ್ದಳು. ಅವಳಿಗೆ ಏನೂ ನೆನಪಿಲ್ಲ.

ನನಗಿದೆ. ತೊಂಬತ್ತೆಂಟರ ಚಳಿಗಾಲ ಅದು. ಕುವೈತಿನ ಚಳಿಗಾಲ ಬಡವರ ಮನೆಯ ಹಬ್ಬದಂತೆ, ಬಂದದ್ದು ಗೊತ್ತಾಗುವುದರೊಳಗೆ ಮುಗಿದಿರುತ್ತದೆ. ಡಾಂಬರುಗುಳಿಗೆಯ ವಾಸನೆಯ ಸ್ವೆಟರುಗಳು ಪೆಟ್ಟಿಗೆಯಿಂದ ಹೊರಬರುತ್ತವೆ. ಎರಡು ಮಳೆ ಬಿದ್ದರೆ ರಸ್ತೆಗಳು ಕೆರೆಯಾಗುತ್ತವೆ, ಮೂರನೆಯ ದಿನ ಮತ್ತೆ ಧೂಳು. ಆ ವರ್ಷ ಗಡಿಯಾಚೆ ಇರಾಕಿನಲ್ಲಿ ಮತ್ತೆ ಗದ್ದಲ ಶುರುವಾಗಿತ್ತು. ಹಳಬರು ಟಿ.ವಿ.ಯ ದನಿ ಸಣ್ಣ ಮಾಡಿ ಸುದ್ದಿ ನೋಡುತ್ತಿದ್ದರು. ನಾವು ಹೊಸಬರು, ಅಂಥ ಭಯ ನಮಗಿರಲಿಲ್ಲ. ಧಾರವಾಡದಿಂದ ನಾವು ಬಂದದ್ದೇ ತೊಂಬತ್ತನಾಲ್ಕರಲ್ಲಿ. ಇರಾಕಿ ಸೈನ್ಯ ಈ ದೇಶವನ್ನು ಒಂದು ಬೆಳಗಿನಲ್ಲಿ ನುಂಗಿ, ಏಳು ತಿಂಗಳು ಕೂತು, ಹೊಡೆಸಿಕೊಂಡು ಹೋಗಿ ಆಗಲೇ ಮೂರು ವರ್ಷವಾಗಿತ್ತು. ನಾವು ಬರುವಷ್ಟರಲ್ಲಿ ಗೋಡೆಗಳಿಗೆ ಹೊಸ ಬಣ್ಣ ಬಿದ್ದಿತ್ತು. ಆ ದಿನಗಳ ಮಾತನ್ನು ಯಾರೂ ನಮ್ಮೆದುರು ತೆಗೆಯುತ್ತಿರಲಿಲ್ಲ, ನಾವೂ ಕೆದಕುತ್ತಿರಲಿಲ್ಲ.

ನನ್ನ ಗಂಡ ವಿದ್ಯುತ್ ಕೇಂದ್ರದಲ್ಲಿ ಎಂಜಿನಿಯರು, ನಾನು ಒಂದು ಭಾರತೀಯ ಶಾಲೆಯಲ್ಲಿ ಇತಿಹಾಸದ ಟೀಚರು. ನವೆಂಬರಿನಲ್ಲಿ ಹತ್ತನೆಯ ತರಗತಿಗೆ ಎರಡನೆಯ ಮಹಾಯುದ್ಧದ ಪಾಠ ಬರುತ್ತಿತ್ತು. ಜರ್ಮನ್ ಸೈನ್ಯ ಪೋಲೆಂಡಿಗೆ ನುಗ್ಗಿತು. ಡೆನ್ಮಾರ್ಕ್ ಬೆಳಗಿನ ಚಹಾ ಆರುವುದರೊಳಗೆ ಕೈ ಎತ್ತಿತು. ನಾರ್ವೆ, ಹಾಲೆಂಡ್, ಬೆಲ್ಜಿಯಂ ಒಂದರ ಹಿಂದೊಂದು ಬಿದ್ದವು, ಕೊನೆಗೆ ಫ್ರಾನ್ಸಿನಂಥ ಫ್ರಾನ್ಸೇ ಬಿದ್ದಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ನಾನು ಪ್ರತಿ ವರ್ಷವೂ ಹೇಳುತ್ತಿದ್ದೆ; ಕನ್ನಡದ ಮಕ್ಕಳು ಮಾತ್ರ ನಗುತ್ತಿದ್ದರು. ಇಷ್ಟೆಲ್ಲ ಗೆಲುವಿಗೆ ಪುಸ್ತಕದಲ್ಲಿ ಎರಡು ಪುಟ, ಸೋತ ದೇಶಗಳ ಜನ ಆಮೇಲೆ ಹೇಗೆ ಎದುರು ನಿಂತರು ಎಂಬುದಕ್ಕೆ ಎರಡು ಸಾಲು. ನಿಧಿ ಎಂಬ ಹುಡುಗಿ ಒಂದು ದಿನ, "ಮ್ಯಾಮ್, ಡೆನ್ಮಾರ್ಕ್ ಈಸ್ ಜಸ್ಟ್ ಲೈಕ್ ಕುವೈತ್, ನೋ?" ಎಂದಳು. "ಪರೀಕ್ಷೆಗೆ ಇದ್ದಷ್ಟು ಓದು" ಎಂದು ನಾನು ಮುಂದಿನ ಪುಟ ತಿರುವಿದೆ. ಆ ದೇಶದಲ್ಲಿ ಕೂತು ಆ ಮಾತು ಆಡುವುದು ನಮ್ಮಂಥವರ ಕೆಲಸವಲ್ಲ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕನ್ನಡ ಸಂಘದ ಅಧ್ಯಕ್ಷರು ಆಗ ಪಾಟೀಲರು, ವಿಜಾಪುರದ ಕಡೆಯವರು, ಎಂಬತ್ತರ ದಶಕದಿಂದ ಕುವೈತಿನಲ್ಲಿದ್ದವರು. ನವೆಂಬರ್ ಒಂದು ಎನ್ನುವುದು ಗಲ್ಫಿನಲ್ಲಿ ಹಾಲ್ ಸಿಗುವ ಶುಕ್ರವಾರದ ಮೇಲೆ ನಿಂತಿರುತ್ತದೆ. ಆ ವರ್ಷದ ರಾಜ್ಯೋತ್ಸವಕ್ಕೆ ಹಾಲ್ ಸಿಕ್ಕಿದ್ದು ಡಿಸೆಂಬರ್ ಮೊದಲ ವಾರ, ರಮ್ಜಾನಿಗೆ ತುಸು ಮುಂಚೆ. ಮಕ್ಕಳ ನಾಟಕದ ಹೊಣೆ ನನ್ನ ತಲೆಗೆ ಬಂತು. ಪ್ರತಿ ವರ್ಷ ಅದೇ ರಾಣಿ, ಅದೇ ರಟ್ಟಿನ ಕತ್ತಿ, ಅದೇ ಕಪ್ಪ ಕೇಳುವ ದೊರೆ. ನನಗೂ ಸಾಕಾಗಿತ್ತು, ಮಕ್ಕಳಿಗೂ ಸಾಕಾಗಿತ್ತು. ನಾರ್ವೆಯ ಕಥೆ ಮಾಡುತ್ತೇನೆ ಎಂದೆ. ಮಕ್ಕಳಿಗೆ ಪಾಠವೂ ಆಗುತ್ತದೆ, ಸಂಘಕ್ಕೆ ನಾಟಕವೂ ಆಗುತ್ತದೆ, ಸ್ವಾಮಿಕಾರ್ಯ ಸ್ವಕಾರ್ಯ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರಲ್ಲ, ಹಾಗೆ ಯಾರ ಮನಸ್ಸಿಗೂ ತಾಕದ ದೂರದ ದೇಶ ನೋಡಿಯೇ ಆರಿಸಿಕೊಂಡಿದ್ದೆ. ಬೆಳಗಿನ ಜಾವ ಹಡಗು, ವಿಮಾನಗಳಲ್ಲಿ ಜರ್ಮನ್ನರು ಬರುತ್ತಾರೆ, ರಾಜಧಾನಿ ಅದೇ ದಿನ ಅವರ ವಶವಾಗುತ್ತದೆ, ರಾಜ ಬಗ್ಗದೆ ಹಿಮದ ನಾಡಿನತ್ತ ಹೊರಟು ಹೋಗುತ್ತಾನೆ. ಆಮೇಲೆ ಅಲ್ಲಿನ ಜನ ಅಂಗಿಯ ಕಾಲರಿಗೆ ಕಾಗದದ ಕ್ಲಿಪ್ಪು ಸಿಕ್ಕಿಸಿಕೊಂಡು ಓಡಾಡಿದರಂತೆ: ನಾವೆಲ್ಲ ಒಟ್ಟಿಗಿದ್ದೇವೆ, ಬಿಡಿಸಲಾರಿರಿ ಎಂದು. ಜರ್ಮನ್ನರಿಗೆ ಮೀನು ಮಾರುವ ಒಬ್ಬ ದ್ರೋಹಿಯನ್ನೂ ನಾನೇ ಸೇರಿಸಿದ್ದೆ. ಆ ಪಾತ್ರ ಯಾರಿಗೂ ಬೇಡವಾಗಿತ್ತು. ಅವನಿಗೆ ಛೀಮಾರಿ ಹಾಕುವ ಗುಂಪಿನಲ್ಲಿ ಎಲ್ಲರೂ ಇರಲು ಬಯಸಿದರು.

ಸೈನಿಕರ ಬಟ್ಟೆಗಾಗಿ ಮಿರ್ಕಾಬಿನ ಅಬ್ದುಲ್ಲಾಕನ ಅಂಗಡಿಗೆ ಹೋದೆ. ಬಂಟ್ವಾಳದ ಕಡೆಯ ಬ್ಯಾರಿ ಮುಸಲ್ಮಾನ ದರ್ಜಿ, ಐವತ್ತು ದಾಟಿದ ವಯಸ್ಸು, ಬಣ್ಣ ಹಚ್ಚಿದ ಮೀಸೆಯ ಬಗ್ಗೆ ಭಾರೀ ಅಭಿಮಾನ. ಹೆಂಡತಿ ಮಕ್ಕಳು ಊರಿನಲ್ಲಿ. ಕುವೈತಿನ ಅರ್ಧ ಕನ್ನಡಿಗರ ರವಿಕೆ, ಪ್ಯಾಂಟು ಅವರದೇ ಕೈಯವು. ಕೆಲಸ ಚೊಕ್ಕ, ಮಾತು ಮಾತ್ರ ಸುಳ್ಳು. "ನಾಳೆ ಬನ್ನಿ" ಎಂದರೆ ಒಂದು ವಾರ ಎಂದು ಎಲ್ಲರೂ ತಿಳಿದಿದ್ದರು. ನಮ್ಮ ಧಾರವಾಡದಲ್ಲಿ ಚಿಕ್ಕಪ್ಪನನ್ನು ಕರೆಯುವ ಹಾಗೆ ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಈದ್‌ಗೆಂದು ಹೊಲಿಗೆ ಆಗಲೇ ಶುರುವಾಗಿದ್ದರಿಂದ ಅಂಗಡಿಯ ತುಂಬ ಅರಬರ ಉದ್ದನೆಯ ಬಿಳಿ ನಿಲುವಂಗಿಗಳು ನೇತಾಡುತ್ತಿದ್ದವು. ನಾನು ಪುಸ್ತಕದ ಚಿತ್ರದ ಜೆರಾಕ್ಸ್ ಪ್ರತಿ ಕೊಟ್ಟೆ.

"ಇದು ಕಾಣುದೇ ಇಲ್ಲ ಟೀಚರೇ, ಬರೀ ಮಸಿ" ಎಂದರು, ಅದನ್ನು ತಿರುವಿ ಮುರುವಿ ನೋಡಿ. "ನೀವು ಬಾಯಲ್ಲಿ ಹೇಳಿ. ಎಂತ ಸೈನಿಕರು?"

"ಹೊರಗಿನಿಂದ ಬಂದು ಒಂದೇ ದಿನದಾಗ ಊರು ಹಿಡಿದವರು ಕಾಕಾ."

ಅವರು ಕತ್ತರಿ ಕೆಳಗಿಟ್ಟರು. "ಒಂದೇ ದಿನದಲ್ಲಿ?"

"ಹೌದು. ಬೆಳಿಗ್ಗೆ ಮಂದಿ ಎದ್ದು ನೋಡಿದ್ರ ಓಣಿಯೊಳಗ ಅವರೇ ನಿಂತಿದ್ರು."

"ಮಕ್ಕಳು ಆ ನಾಟಕ ಮಾಡ್ತಾರಾ?"

"ನಾನೇ ಬರದೀನಿ. ಸೋತ ಮಂದಿ ಹೆಂಗ ಎದುರು ನಿಂತ್ರು ಅನ್ನೂದೂ ಅದ ಅದರಾಗ."

ಅಬ್ದುಲ್ಲಾಕ ನನ್ನನ್ನೇ ಒಂದು ಗಳಿಗೆ ನೋಡಿ, "ಆಯ್ತು. ಮಾಡುವ. ಗೊತ್ತಾಯ್ತು ನನಗೆ" ಎಂದರು. ಬೂದು ಬಣ್ಣದ ಬಟ್ಟೆ ಬೇಕು ಎಂದೆ. ಬೂದು ಸಿಕ್ಕುವುದಿಲ್ಲ, ಬೇರೆ ನೋಡುತ್ತೇನೆ ಎಂದರು. ನಾಟಕಕ್ಕೆ ಯಾವುದಾದರೇನು ಎಂದು ನಾನೂ ಸುಮ್ಮನಾದೆ. ಆಶ್ಚರ್ಯವೆಂದರೆ ಆ ಸಲ ಅವರು ಹೇಳಿದ ದಿನಕ್ಕೆ ಸರಿಯಾಗಿ ಬಟ್ಟೆ ಕೊಟ್ಟರು. ಎಂಟು ಜೊತೆ, ಮಾಸಲು ಹಸಿರು, ಎದೆಯ ಮೇಲೆ ನೆರಿಗೆಯ ಎರಡು ಜೇಬು, ಭುಜಕ್ಕೆ ಪಟ್ಟಿ. ನಾನು ಕೇಳದಿದ್ದರೂ ಎಂಟು ಕಪ್ಪು ಬೆರೆಗಳನ್ನೂ, ಎಂದರೆ ಒಂದು ಬದಿಗೆ ಬಾಗುವ ಮಿಲಿಟರಿ ಟೊಪ್ಪಿಗೆಗಳನ್ನೂ, ಹೊಲಿದಿದ್ದರು. ಜರ್ಮನ್ನರು ಕಬ್ಬಿಣದ ಶಿರಸ್ತ್ರಾಣ ಹಾಕುತ್ತಿದ್ದರಲ್ಲ ಎಂದು ಮನಸ್ಸಿಗೆ ಬಂತು. ಆದರೆ ಪ್ಲಾಸ್ಟಿಕ್ ಬೋಗುಣಿಗೆ ಬಣ್ಣ ಹಚ್ಚುವ ಕೆಲಸ ತಪ್ಪಿತು ಎಂಬ ಸಮಾಧಾನವೇ ಹೆಚ್ಚಾಯಿತು. ರಿಹರ್ಸಲಿನಲ್ಲಿ ಬಟ್ಟೆ ಕಂಡವರು ನಾನು ಮತ್ತು ನನ್ನ ಹಾಗೆಯೇ ಯುದ್ಧದ ಆಮೇಲೆ ಕುವೈತಿಗೆ ಬಂದ ಒಬ್ಬಿಬ್ಬರು ತಾಯಂದಿರು. ಎಲ್ಲರೂ ಚೆಂದ ಇದೆ ಎಂದೆವು.

ಶುಕ್ರವಾರ ಸಂಜೆ ಹಾಲ್ ತುಂಬಿತ್ತು. ನಾಡಗೀತೆ, ಕೋಲಾಟ, ಭಾಷಣ ಮುಗಿದು ನಾಟಕ ಶುರುವಾಯಿತು. ನಾರ್ವೆಯ ಮಕ್ಕಳು ಹಿಮದಲ್ಲಿ ಆಡಿದರು. ವಿಮಾನದ ಸದ್ದನ್ನು ಟೇಪಿನಲ್ಲಿ ಹಾಕಿದೆವು. ಫ್ರಿಜ್ಜಿನ ಪೆಟ್ಟಿಗೆಯಿಂದ ಮಾಡಿದ ಟ್ಯಾಂಕಿನ ಹಿಂದೆ ಎಂಟು ಹುಡುಗರು ಬೂಟು ಕುಟ್ಟುತ್ತ ಬೆಳಕಿಗೆ ಬಂದರು. ಚಪ್ಪಾಳೆ ಬೀಳುತ್ತದೆ ಎಂದು ನಾನು ಪರದೆಯ ಮರೆಯಲ್ಲಿ ಕಾದಿದ್ದೆ. ಬೀಳಲಿಲ್ಲ. ಮೂರನೆಯ ಸಾಲಿನಲ್ಲಿ ಒಬ್ಬ ತಾಯಿ ತನ್ನ ಮಗುವಿನ ಮುಖವನ್ನು ಮಡಿಲಿಗೆ ಒತ್ತಿಕೊಂಡಳು. ಯಾರೋ, "ಯಾ ಅಲ್ಲಾ" ಎಂದರು. ಹುಡುಗರು ಕಲಿಸಿದ ಹಾಗೆ ಮುಂದೆ ಬಂದು, ಮರದ ಬಂದೂಕುಗಳನ್ನು ಜನರತ್ತ ಚಾಚಿ, "ಈ ಊರು ಇನ್ನು ನಮ್ಮದು!" ಎಂದು ಕೂಗಿದರು.

ಪಾಟೀಲರು ಎದ್ದು ನಿಂತರು. ಅವರ ಕೈ ಮುಂದಿನ ಕುರ್ಚಿಯ ಬೆನ್ನನ್ನು ಹಿಡಿದಿತ್ತು. "ಬಂದ್ ಮಾಡ್ರಿ" ಎಂದರು ಮೊದಲು ಮೆಲ್ಲಗೆ. ಆಮೇಲೆ ಗಟ್ಟಿಯಾಗಿ, "ಇಳಸ್ರಿ ಅವರನ್ನ! ಲೈಟ್ ಹಾಕ್ರಿ!"

ಪರದೆ ಬಿತ್ತು. ಹುಡುಗರು ನನ್ನ ಸುತ್ತ ನಿಂತು, "ಮ್ಯಾಮ್, ಡಿಡ್ ವಿ ಫರ್ಗೆಟ್ ದ ಲೈನ್?" ಎಂದು ಕೇಳುತ್ತಿದ್ದರು. ಪಾಟೀಲರು ಪಕ್ಕದ ಬಾಗಿಲಿನಿಂದ ಒಳಗೆ ಬಂದರು, ಮುಖ ಬಿಳಿಚಿಕೊಂಡಿತ್ತು. "ಅಕ್ಕೋರ, ಏನ್ ಮಾಡೀರಿ ಇದು? ಯಾರ ಅರಿವಿ ಅವು ಗೊತ್ತೈತೇನು ನಿಮಗ? ಇರಾಕಿ ಮಿಲಿಟರಿ ಅರಿವಿ! ಇದ ಹಸರು, ಇದ ಟೊಪಗಿ. ಎಂಟು ವರ್ಷ ಆತು, ಇನ್ನೂ ಕನಸಿನ್ಯಾಗ ಬರ್ತಾವು."

ಆಗ ನನಗೆ ತಿಳಿಯಿತು. ಬಟ್ಟೆ ಹೊಲಿದವರು ಯಾರು ಎಂದು ಪಾಟೀಲರು ಕೇಳಿದಾಗ ಅಬ್ದುಲ್ಲಾಕನ ಹೆಸರು ಹೇಳಿದೆ. ಮುಚ್ಚಿಡುವುದಕ್ಕೆ ಅದರಲ್ಲಿ ಏನಿತ್ತು?

ಮರುದಿನ ಪಾಟೀಲರ ಮನೆಯಲ್ಲಿ ಸಮಿತಿ ಸೇರಿತು. ಚಹಾ, ಚುರುಮುರಿ, ಹತ್ತು ಜನರ ಹತ್ತು ಬಾಯಿ. ಕುವೈತಿಗಳ ಕಿವಿಗೆ ಬಿದ್ದರೆ ಸಂಘ ಖಲಾಸ್, ಇನ್ನು ಯಾರೂ ಹಾಲ್ ಕೊಡುವುದಿಲ್ಲ ಎಂಬುದು ಎಲ್ಲರ ಹೆದರಿಕೆ. ಹೆದರಿದವರಿಗೆ ಒಬ್ಬ ತಪ್ಪಿತಸ್ಥ ಬೇಕು. ಮಂಗಳೂರು ಕಡೆಯ ಒಬ್ಬರು, "ಅವನಿಗೆ ಆ ಅಳತೆ ಗೊತ್ತಿಲ್ಲದೆ ಇರ್ತದಾ? ಆಗ ಊರೆಲ್ಲ ಬಾಗಿಲು ಹಾಕಿದ್ರೂ ಅವನ ಅಂಗಡಿ ತೆರೆದೇ ಇತ್ತಂತೆ. ಅವರಿಗೇ ಹೊಲಿದುಕೊಟ್ಟವ ಅವ" ಎಂದರು. ಅಷ್ಟು ಸಾಕಾಯಿತು. ಅಬ್ದುಲ್ಲಾಕನಿಗೆ ಇನ್ನು ಯಾರೂ ಕೆಲಸ ಕೊಡಬಾರದು ಎಂದಾಯಿತು. ಅವರ ಕಫೀಲನಿಗೆ, ಎಂದರೆ ಯಾರ ಹೆಸರಿನಲ್ಲಿ ಅವರ ವೀಸಾ ಇದೆಯೋ ಆ ಕುವೈತಿಗೆ, ಸಂಘವೇ ವಿಷಯ ತಿಳಿಸಿ ಕೈತೊಳೆದುಕೊಳ್ಳಬೇಕು ಎಂದೂ ಒಬ್ಬರು ಹೇಳಿದರು. ಸೈನ್ಯಕ್ಕೆ ನೆರವಾದವನೆಂದು ಹೆಸರು ಬಿದ್ದರೆ ಆ ದೇಶದಲ್ಲಿ ಏನಾಗುತ್ತದೆ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಇಕಾಮಾ, ಎಂದರೆ ಅಲ್ಲಿ ಇರುವ ಪರವಾನಗಿ, ಹೋಗುತ್ತದೆ, ಅಂಗಡಿ ಹೋಗುತ್ತದೆ, ಪೊಲೀಸರು ಬಂದು ವಿಮಾನ ಹತ್ತಿಸುತ್ತಾರೆ. ಅಷ್ಟಕ್ಕೇ ಮುಗಿದರೆ ಪುಣ್ಯ.

"ನಾನು ಒಂದ ಸಲ ಅವರ ಕೂಡ ಮಾತಾಡ್ತೀನಿ. ಅಲ್ಲಿತನಕಾ ಯಾರೂ ಏನೂ ಮಾಡಬ್ಯಾಡ್ರಿ" ಎಂದೆ.

"ನಿಮಗ ಆ ದಿನ ಗೊತ್ತಿಲ್ಲ ಅಕ್ಕೋರ" ಎಂದರು ಪಾಟೀಲರು. ಅವರದೂ ಸುಳ್ಳಲ್ಲ. ತೊಂಬತ್ತರ ಆಗಸ್ಟಿನಲ್ಲಿ ಮನೆ, ಕಾರು, ಮಗಳ ಮದುವೆಯ ಬಂಗಾರ ಎಲ್ಲ ಬಿಟ್ಟು ಬಾಗ್ದಾದ್, ಅಮ್ಮಾನ್ ದಾರಿ ಹಿಡಿದು ಮರಳುಗಾಡಿನ ಡೇರೆಯಲ್ಲಿ ನೀರಿಗೆ ಸಾಲು ನಿಂತು ಊರು ಸೇರಿದ ಮನುಷ್ಯ. "ಆದ್ರ ನೀವು ಕೇಳೀರಿ ಅಂತ ಈದ್ ತನಕಾ ತಡೀತೀನಿ."

ಮಿರ್ಕಾಬಿಗೆ ಹೋಗಲು ನನಗೆ ಮೂರು ನಾಲ್ಕು ದಿನ ಬೇಕಾಯಿತು. ಧೈರ್ಯ ಇರಲಿಲ್ಲ ಎಂದಲ್ಲ, ಸಿಟ್ಟಿತ್ತು. ಅಷ್ಟರಲ್ಲಿ ನಮ್ಮವರು ತಮ್ಮ ತಮ್ಮ ಬಟ್ಟೆಗಳನ್ನು ವಾಪಸ್ ತರಿಸಿಕೊಂಡಿದ್ದರು. ತೋಳಿಲ್ಲದ ರವಿಕೆ, ಪಟ್ಟಿ ಕೂರಿಸದ ಪ್ಯಾಂಟು, ಹೇಗಿದ್ದವೋ ಹಾಗೆ. ಊರಿನ ಕಡೆಯ ಬ್ಯಾರಿಗಳೂ ಬರುವುದು ಬಿಟ್ಟಿದ್ದರಂತೆ. ಅರಬರ ನಿಲುವಂಗಿಗಳು ಮಾತ್ರ ನೇತಾಡುತ್ತಿದ್ದವು. ಅಬ್ದುಲ್ಲಾಕ ಇಸ್ತ್ರಿ ಹಾಕುತ್ತಿದ್ದರು. ಮೀಸೆಯ ಬುಡದಲ್ಲಿ ಬಿಳಿ ಕಾಣಿಸಿತ್ತು.

"ಯಾಕ ಹಿಂಗ ಮಾಡಿದ್ರಿ ಕಾಕಾ?" ಎಂದೆ, ಕೂರದೆ.

"ನೀವು ಹೇಳಿದ್ದು ಅವರನ್ನೇ ಎಂದು ಎಣಿಸಿದೆ ನಾನು" ಎಂದರು. "ಒಂದೇ ದಿನದಲ್ಲಿ ಊರು ಹಿಡಿದವರು ಎಂದ್ರಿ. ನಾನು ನೋಡಿದ್ದು ಅವರೊಬ್ಬರನ್ನೇ. ನಾರ್ವೆ ಎಲ್ಲುಂಟು ಎಂದು ನನಗೆಂತ ಗೊತ್ತು? ಎಂಟು ವರ್ಷ ಆಯ್ತು, ಯಾರೂ ಆ ಸುದ್ದಿ ಎತ್ತುದಿಲ್ಲ. ಈಗ ಮಕ್ಕಳು ನಾಟಕ ಮಾಡ್ತಾರೆ, ದೊಡ್ಡವರು ಕೂತು ನೋಡ್ತಾರೆ, ಒಮ್ಮೆ ಅತ್ತು ಮುಗಿಸ್ತಾರೆ ಎಂದು ನನಗೆ ಸಂತೋಷ ಆಯ್ತು ಟೀಚರೇ. ಅದಕ್ಕೇ ಹೇಳಿದ ದಿನಕ್ಕೆ ಕೊಟ್ಟದ್ದು."

ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ಆದರೂ ಕೇಳಿದೆ, "ಅವರಿಗೆ ಹೊಲಿದು ಕೊಟ್ಟಿದ್ದು ಖರೇನ?"

"ಖರೆ." ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿಟ್ಟರು. "ಮೊದಲ ವಾರದಲ್ಲೇ ಒಬ್ಬ ಬಂದ. ಪ್ಯಾಂಟು ದೊಡ್ಡದಾಗ್ತದೆ, ಹಿಡಿದುಕೊಡು ಎಂದ. ಇಪ್ಪತ್ತು ವರ್ಷ ಆಗಿರ್ಲಿಕ್ಕಿಲ್ಲ ಅವನಿಗೆ. ಹೆಗಲಲ್ಲಿ ಬಂದೂಕು. ಇಲ್ಲ ಎನ್ಲಿಕ್ಕೆ ನಾನು ಯಾರು? ಮತ್ತೆ ದಿನಾ ಬಂದರು. ಹಿಡಿಯುದು, ಬಿಡುದು, ಗುಂಡಿ ಹಾಕುದು. ಕಡೆಗೆ ಹೊಸತೂ ಹೊಲಿದೆ. ಕೆಟ್ಟದಾಗಿ ಹೊಲಿಯುವ ಎಂದು ಒಂದೆರಡು ಸಲ ಅನ್ನಿಸಿತ್ತು. ಕೈ ಕೇಳ್ಳಿಲ್ಲ."

"ನೀವು ಊರಿಗೆ ಯಾಕ ಹೋಗ್ಲಿಲ್ಲ?"

"ಮೂರು ಮಷೀನು ಟೀಚರೇ. ನನ್ನ ಬೆವರಿನದ್ದು. ಬಿಟ್ಟು ಹೋದ್ರೆ ಮರುದಿನ ಬಾಗ್ದಾದಿನಲ್ಲಿ ಇರ್ತಿತ್ತು. ದೊಡ್ಡ ಕಾರಣ ಎಂತದೂ ಇಲ್ಲ." ಆಮೇಲೆ ಹೇಳಿದರು: ಹಳೆಯ ಕಫೀಲರಿಗೆ ಇದೆಲ್ಲ ಗೊತ್ತಿತ್ತು, ಅವರು ತೀರಿಹೋದರು. ಈಗ ಮಗ ಜಾಸಿಮ್ ಯಜಮಾನ. ಅವನು ಆಗ ಕಾಲೇಜು ಹುಡುಗ, ಸೈನ್ಯದ ವಿರುದ್ಧ ಗುಟ್ಟಾಗಿ ಕೆಲಸ ಮಾಡಿದವನು, ಅವನ ಇಬ್ಬರು ಗೆಳೆಯರು ತಿರುಗಿ ಬರಲೇ ಇಲ್ಲ. ಅವನಿಗೆ ಇದು ಗೊತ್ತಿಲ್ಲ. ಈದ್ ಮುಗಿದ ಮೇಲೆ ಇಕಾಮಾಕ್ಕೆ ಅವನ ಸಹಿ ಬೇಕು. "ಯಾರೋ ಹೋಗಿ ಹೇಳುವ ಮೊದಲು ನಾನೇ ಹೇಳ್ಬೇಕು. ನನಗೆ ಬಾಯಿ ಬರುದಿಲ್ಲ. ಅವನ ಅಮ್ಮ ಉಂಟು, ಉಮ್ ಜಾಸಿಮ್. ಹೆಂಗಸರು ಹೋದ್ರೆ ಕೂರಿಸಿ ಮಾತಾಡ್ತಾರೆ. ಅವರದ್ದೊಂದು ಬಟ್ಟೆ ಕೊಡ್ಲಿಕ್ಕೂ ಉಂಟು. ನೀವು ಬರ್ತೀರಾ ಟೀಚರೇ?"

ಬರುವುದಿಲ್ಲ ಎನ್ನುವುದಕ್ಕೆ ನನ್ನ ಹತ್ತಿರ ನೂರು ಕಾರಣಗಳಿದ್ದವು. ಗಂಡನೂ ಬೇಡವೆಂದರು, ನಮ್ಮ ಇಕಾಮಾವೂ ಇನ್ನೊಬ್ಬರ ಕೈಯಲ್ಲೇ ಇದೆ ಎಂದು ನೆನಪಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದನ್ನು ನೋಡಿಕೊಂಡು ಕೂರಲು ನನಗೆ ಆಗಲಿಲ್ಲ, ಅಷ್ಟೇ. ರಮ್ಜಾನ್ ಶುರುವಾಗುವ ಮೊದಲು ಒಂದು ಮಧ್ಯಾಹ್ನ ಹೋದೆವು. ಹಿಂದಿನ ದಿನ ಮಳೆ ಬಿದ್ದು ಆ ಬಡಾವಣೆಯ ರಸ್ತೆಯ ತುಂಬ ಕೆಸರು ನೀರು ನಿಂತಿತ್ತು. ಅಬ್ದುಲ್ಲಾಕ ಗೇಟಿನ ಹೊರಗೆ ಡ್ರೈವರನ ಬೆಂಚಿನ ಮೇಲೆ ಕೂತರು. ಬಟ್ಟೆಯ ಗಂಟು ಹಿಡಿದು ನಾನು ಒಳಗೆ ಹೋದೆ.

ಉಮ್ ಜಾಸಿಮ್ ದಪ್ಪಗೆ, ಮಂಡಿನೋವಿನ ಮುದುಕಿ. ಅವರ ತಂದೆ ಖರ್ಜೂರದ ವ್ಯಾಪಾರಕ್ಕೆ ಮುಂಬಯಿಯಲ್ಲಿದ್ದವರಂತೆ, ನನ್ನ ಅರಬಿಗಿಂತ ಅವರ ಹಿಂದಿ ಮೇಲು. ಕೂರಿಸಿದರು, ಹಾಲಿಲ್ಲದ ಸಿಹಿ ಚಹಾ ಕೊಟ್ಟರು. ಬಟ್ಟೆಯ ಹೊಲಿಗೆಯನ್ನು ಬೆರಳಿನಿಂದ ಸವರಿ ನೋಡಿದರು. ನಾನು ನಾಟಕದಿಂದ ಶುರುಮಾಡಿ ಎಲ್ಲ ಹೇಳಿದೆ. ಸೈನಿಕರಿಗೆ ಹೊಲಿದದ್ದು ನಿಜ ಎಂದೂ ಹೇಳಿದೆ.

"ಆಗ ಅವರ ಒಬ್ಬ ಆಫೀಸರ್ ಈ ಮನೆಗೆ ಬರುತ್ತಿದ್ದ" ಎಂದರು ಉಮ್ ಜಾಸಿಮ್. "ನೀವು ಕುಳಿತಿದ್ದೀರಲ್ಲ, ಅಲ್ಲೇ ಕೂರುತ್ತಿದ್ದ. ನಾನು ಚಹಾ ಮಾಡಿಕೊಡುತ್ತಿದ್ದೆ. ಇನ್ನೊಂದು ಲೋಟ ಬೇಕೇ ಎಂದೂ ಕೇಳುತ್ತಿದ್ದೆ. ಮೇಲೆ ತಾರಸಿಯ ಖಾಲಿ ನೀರಿನ ಟ್ಯಾಂಕಿನೊಳಗೆ ನನ್ನ ಜಾಸಿಮ್ ಇರುತ್ತಿದ್ದ. ಎಲ್ಲಿಯೂ ಸಕ್ಕರೆ ಸಿಗದ ದಿನ ಅವು. ಆ ಸಕ್ಕರೆ ಎಲ್ಲಿಂದ ಬರುತ್ತಿತ್ತು ಗೊತ್ತೇ? ಅವರು ಅಬ್ದುಲ್ಲಾನಿಗೆ ಮಜೂರಿಯ ಬದಲು ಕೊಡುತ್ತಿದ್ದದ್ದು. ಅವನು ಅರ್ಧ ಇಲ್ಲಿಗೆ ತರುತ್ತಿದ್ದ, ಅರ್ಧ ತಾನು ಮಾರಿಕೊಳ್ಳುತ್ತಿದ್ದ." ಅವರು ಸ್ವಲ್ಪ ನಕ್ಕರು. "ಅವನು ಪ್ಯಾಂಟು ಹೊಲಿದ, ನಾನು ಚಹಾ ಮಾಡಿದೆ. ನನ್ನನ್ನು ಯಾವ ವಿಮಾನಕ್ಕೆ ಹತ್ತಿಸುತ್ತೀರಿ?"

ನಾನು ಲೋಟವನ್ನು ಕೆಳಗಿಟ್ಟೆ. ಆ ಸೋಫಾದಲ್ಲಿ ಕೂರುವುದು ನನಗೆ ಕಷ್ಟವಾಗುತ್ತಿತ್ತು.

"ಇಲ್ಲಿ ಉಳಿದವರು ಒಬ್ಬರನ್ನೊಬ್ಬರು ಇದನ್ನು ಕೇಳುವುದಿಲ್ಲ ಬೇಟಿ. ಕೇಳುವವರು ಆಮೇಲೆ ಬಂದವರು. ಜಾಸಿಮನಿಗೆ ನಾನೇ ಹೇಳುತ್ತೇನೆ. ಅವನು ಸಿಟ್ಟಾಗುತ್ತಾನೆ. ಆಮೇಲೆ ಸಹಿ ಹಾಕುತ್ತಾನೆ."

ಹಾಗೆಯೇ ಆಯಿತು. ಜಾಸಿಮ್ ಒಂದು ದಿನ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಇಳಿಯದೆ ಬಹಳ ಹೊತ್ತು ಕೂತಿದ್ದು ಹೋದನಂತೆ. ಈದ್ ಆದ ಮೇಲೆ ಸಹಿ ಹಾಕಿದ. ಆದರೆ ಅಬ್ದುಲ್ಲಾಕನ ಕೈಯಲ್ಲಿ ಮತ್ತೆ ತನ್ನ ಬಟ್ಟೆ ಹೊಲಿಸಲಿಲ್ಲ. ಅವನನ್ನೂ ತಪ್ಪೆನ್ನಲಾರೆ.

ನಾನು ಪಾಟೀಲರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ನಮ್ಮ ಜನಕ್ಕೆ ಇಲಿ ಹೋಯಿತು ಎಂದರೆ ಹುಲಿ ಹೋಯಿತು ಎಂದು ಕೇಳಿಸುತ್ತದೆ. ಎರಡು ವಾರದಲ್ಲಿ ಸುದ್ದಿ ಹೇಗೆ ಬೆಳೆಯಿತೆಂದರೆ, ಅಬ್ದುಲ್ಲಾಕ ಅಂಗಡಿಯ ಅಟ್ಟದ ಮೇಲೆ ಹತ್ತು ಜನ ಕುವೈತಿ ಪೊಲೀಸರನ್ನು ಬಚ್ಚಿಟ್ಟಿದ್ದರು, ಸೈನಿಕರ ಪ್ಯಾಂಟಿನ ಅಳತೆ ತೆಗೆಯುತ್ತಲೇ ಗುಟ್ಟುಗಳನ್ನೆಲ್ಲ ತೆಗೆಯುತ್ತಿದ್ದರು. ಆ ಅಂಗಡಿಗೆ ಅಟ್ಟವೇ ಇರಲಿಲ್ಲ. ಕಫೀಲನಿಗೆ ತಿಳಿಸೋಣ ಎಂದವರೇ ಈಗ, ಇಂಥವರು ನಮ್ಮ ನಡುವೆ ಇದ್ದದ್ದು ಕನ್ನಡಿಗರ ಹೆಮ್ಮೆ ಎಂದರು. ಸಂಘಕ್ಕೆ ಗೊತ್ತಿರುವುದು ಎರಡೇ ವಿದ್ಯೆ, ಒಂದು ಬಹಿಷ್ಕಾರ, ಇನ್ನೊಂದು ಸನ್ಮಾನ. ಈದ್ ಮುಗಿದ ಮೇಲೆ ನಡೆದ ಸಂಕ್ರಾಂತಿಯ ಎಳ್ಳುಬೆಲ್ಲದ ಕಾರ್ಯಕ್ರಮದಲ್ಲಿ ವೇದಿಕೆಗೆ ಬನ್ನಿ ಎಂದು ಕರೆದರು. ಅಬ್ದುಲ್ಲಾಕ ಈದ್‌ನ ಕೆಲಸ ಉಳಿದಿದೆ ಎಂದು ಸುಳ್ಳು ಹೇಳಿ ತಪ್ಪಿಸಿಕೊಂಡರು. ನಮ್ಮವರು ಬಿಡುವ ಪೈಕಿ ಅಲ್ಲ, ಅಂಗಡಿಗೇ ಹೋಗುವುದೆಂದು ನಿರ್ಧಾರವಾಯಿತು.

ಒಂದು ಸಂಜೆ ಏಳೆಂಟು ಜನ ಹೋದೆವು. ಪಾಟೀಲರ ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಹಣ್ಣು, ಹಾರ, ಜರಿಯಂಚಿನ ಶಾಲು. ಕ್ಯಾಮೆರಾದವನೂ ಇದ್ದ. ಅಬ್ದುಲ್ಲಾಕ ಮಷೀನಿನ ಮುಂದಿನಿಂದ ಎದ್ದರು. ಪಾಟೀಲರ ಮಾತಿನಲ್ಲಿ ತೋರಿಕೆ ಇರಲಿಲ್ಲ. "ಅಬ್ದುಲ್ಲಾಕಾ, ನಾವು ಓಡಿಹೋದ್ವಿ. ನೀವು ನಿಂತ್ರಿ. ನಿಮ್ಮನ್ನ ತಪ್ಪ ತಿಳಕೊಂಡ್ವಿ, ಮನಸಿನ್ಯಾಗ ಇಟ್ಕೋಬ್ಯಾಡ್ರಿ" ಎಂದು ಶಾಲನ್ನು ಬಿಡಿಸಿ ಹೊದಿಸಲು ಮುಂದಾದರು.

ಅಬ್ದುಲ್ಲಾಕ ಕೈ ಚಾಚಿ ಶಾಲನ್ನು ಈಸಿಕೊಂಡರು. ಹೊದೆಯಲಿಲ್ಲ. ಬೆಳಕಿಗೆ ಹಿಡಿದು, ಅಂಚಿನ ಉದ್ದಕ್ಕೂ ಹೆಬ್ಬೆರಳು ಓಡಿಸಿ ನೋಡಿದರು. "ಅಂಚು ಬಿಟ್ಟಿದೆ ಪಾಟೀಲರೇ. ಅಂಗಡಿಯವ ನೋಡದೆ ಕೊಟ್ಟಿದ್ದಾನೆ. ಎರಡು ನಿಮಿಷ ಕೂತ್ಕೊಳ್ಳಿ" ಎಂದು ಮಷೀನಿಗೆ ಕೂತರು. ನಾವು ತಟ್ಟೆ, ಹಾರ, ಕ್ಯಾಮೆರಾ ಹಿಡಿದು ನಿಂತೇ ಇದ್ದೆವು. ಅವರು ನಿಧಾನವಾಗಿ ನಾಲ್ಕೂ ಅಂಚು ಹೊಲಿದರು, ದಾರ ಕತ್ತರಿಸಿದರು, ನೀರು ಚಿಮುಕಿಸಿ ಇಸ್ತ್ರಿ ಹಾಕಿದರು, ಮಡಚಿ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಪಾಟೀಲರ ಕೈಗೆ ವಾಪಸ್ ಕೊಟ್ಟರು.

ಪಾಟೀಲರು ಅಭ್ಯಾಸ ಬಲದಿಂದ ಜೇಬಿಗೆ ಕೈ ಹಾಕಿ, "ಎಷ್ಟಾತು?" ಎಂದುಬಿಟ್ಟರು.

"ಎಲ್ಲರ ಹತ್ರ ತೆಗೊಳ್ಳುವಷ್ಟೇ" ಎಂದರು ಅಬ್ದುಲ್ಲಾಕ.